ಮಾಲೀಕರೇ ಸೋಲಿಸಿದ ತಂಡ

1899ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಂದು ಬೇಸ್‌ಬಾಲ್ ತಂಡ ಹರಾಜಿಗೆ ಬಂತು. ಸಾಲ ಕಟ್ಟದವನ ಮನೆಯನ್ನು ಕೂಗಿ ಮಾರುವಂತೆ ಕೋರ್ಟಿನ ಎದುರೇ ನಡೆದ ಹರಾಜು. ತಂಡದ ಹೆಸರು ಬ್ರೌನ್ಸ್. ಅದರ ಮಾಲೀಕ ಕ್ರಿಸ್ ವಾನ್ ಡೆರ್ ಆಹೆ ಜರ್ಮನಿಯಿಂದ ಬರಿಗೈಯಲ್ಲಿ ಬಂದು, ದಿನಸಿ ಅಂಗಡಿ ಇಟ್ಟು, ಅದಕ್ಕೊಂದು ಬಿಯರ್ ಅಂಗಡಿ ಸೇರಿಸಿ ಮೇಲೆ ಬಂದವನು. ಬೇಸ್‌ಬಾಲ್ ನೋಡಲು ಬಂದವರು ಬಿಯರ್ ಕುಡಿಯದೆ ಹೋಗುವುದಿಲ್ಲ ಎಂದು ಕಂಡುಕೊಂಡ ಮೇಲೆ ಆಟದ ವ್ಯಾಪಾರಕ್ಕೇ ಇಳಿದ. 1885ರಿಂದ 1888ರವರೆಗೆ ಸತತ ನಾಲ್ಕು ವರ್ಷ ಅವನ ತಂಡ ಅಮೆರಿಕನ್ ಅಸೋಸಿಯೇಷನ್ ಲೀಗಿನ ಪಟ್ಟ ಗೆದ್ದಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಎಲ್ಲ ಕರಗಿಹೋಯಿತು. ಹಳೆಯ ವ್ಯಾಜ್ಯವೊಂದರಲ್ಲಿ ಪತ್ತೇದಾರರು ಅವನನ್ನು ಉಪಾಯವಾಗಿ ರೈಲು ಹತ್ತಿಸಿ ಪಿಟ್ಸ್‌ಬರ್ಗಿನ ಜೈಲಿಗೆ ಒಯ್ದದ್ದೂ ಉಂಟು. 1898ರ ಏಪ್ರಿಲ್‌ನಲ್ಲಿ ಪಂದ್ಯ ನಡೆಯುತ್ತಿದ್ದಾಗಲೇ ಮರದ ಗ್ಯಾಲರಿಗೆ ಬೆಂಕಿ ಬಿತ್ತು. ಗಾಯಗೊಂಡವರು ಪರಿಹಾರಕ್ಕಾಗಿ ಕೋರ್ಟು ಹತ್ತಿದರು. ಆ ವರ್ಷ ಬ್ರೌನ್ಸ್ 39 ಪಂದ್ಯ ಗೆದ್ದು 111 ಸೋತಿತು. ಆ ಹೊತ್ತಿಗೆ ಅದು ಆಡುತ್ತಿದ್ದ ಹನ್ನೆರಡು ತಂಡಗಳ ನ್ಯಾಷನಲ್ ಲೀಗಿನಲ್ಲಿ ಕಟ್ಟಕಡೆಯ ಸ್ಥಾನ.

ಈ ಕಥೆ ಬ್ರೌನ್ಸ್ ತಂಡದ್ದಲ್ಲ. ಅದರ ಹರಾಜಿನಿಂದಾಗಿ, ಸುಮಾರು ಐನೂರು ಮೈಲಿ ಆಚೆ, ಏನೂ ತಪ್ಪು ಮಾಡದೆ ಹಾಳಾದ ಮತ್ತೊಂದು ತಂಡದ್ದು. ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನ ಸ್ಪೈಡರ್ಸ್ ತಂಡ 1899ರಲ್ಲಿ 154 ಪಂದ್ಯ ಆಡಿ 20 ಗೆದ್ದಿತು, 134 ಸೋತಿತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಚರಿತ್ರೆಯಲ್ಲಿ ಇಷ್ಟು ಸೋಲನ್ನು ಬೇರೆ ಯಾವ ತಂಡವೂ ಉಂಡಿಲ್ಲ. ಸೋತದ್ದು ಮೈದಾನದಲ್ಲಿ, ನಿಜ. ಆದರೆ ಅದು ತೀರ್ಮಾನವಾದದ್ದು ಮಾಲೀಕರ ಲೆಕ್ಕದ ಪುಸ್ತಕದಲ್ಲಿ, ಋತುವಿನ ಮೊದಲ ಚೆಂಡು ಬೀಳುವ ಮೊದಲೇ.

ಮಾಲೀಕರು ಇಬ್ಬರು ಅಣ್ಣತಮ್ಮಂದಿರು, ಫ್ರಾಂಕ್ ರಾಬಿಸನ್ ಮತ್ತು ಸ್ಟಾನ್ಲಿ ರಾಬಿಸನ್. ಕ್ಲೀವ್‌ಲ್ಯಾಂಡಿನಲ್ಲಿ ಟ್ರಾಮ್ ಓಡಿಸಿ ದುಡ್ಡು ಮಾಡಿದವರು. 1891ರಲ್ಲಿ ತಂಡಕ್ಕೆ ಹೊಸ ಮೈದಾನ ಕಟ್ಟಿಸಿದಾಗಲೂ ತಮ್ಮ ಟ್ರಾಮ್ ದಾರಿಯ ಪಕ್ಕದಲ್ಲೇ ಜಾಗ ಹಿಡಿದರು. ಪ್ರೇಕ್ಷಕ ಟ್ರಾಮಿಗೂ ಕಾಸು ಕೊಡಬೇಕು, ಟಿಕೆಟ್ಟಿಗೂ ಕೊಡಬೇಕು. ಅದೇ ಲೀಗ್ ಪಾರ್ಕ್. ಅದರ ಮೊದಲ ಪಂದ್ಯದಲ್ಲಿ ಚೆಂಡು ಎಸೆದವನು ಡೆಂಟನ್ ಯಂಗ್ ಎಂಬ ರೈತನ ಮಗ. ಜಗತ್ತು ಅವನನ್ನು ಬಲ್ಲದ್ದು ಸೈ ಯಂಗ್ ಎಂಬ ಹೆಸರಿನಿಂದ. ಬೇಸ್‌ಬಾಲಿನಲ್ಲಿ ಸೋಲುಗೆಲುವು ಚೆಂಡು ಎಸೆಯುವ ಪಿಚರನ ಲೆಕ್ಕಕ್ಕೂ ಬೀಳುತ್ತದೆ; ಇಡೀ ಆಟದ ಬದುಕಿನಲ್ಲಿ ಆತ ಗೆದ್ದ 511 ಪಂದ್ಯಗಳ ದಾಖಲೆಯ ಹತ್ತಿರ ಇಂದಿಗೂ ಯಾರೂ ಸುಳಿದಿಲ್ಲ. ಪಿಚರುಗಳಿಗೆ ಪ್ರತಿವರ್ಷ ಕೊಡುವ ದೊಡ್ಡ ಪ್ರಶಸ್ತಿ ಅವನ ಹೆಸರಿನದು.

ಬ್ಯಾಟಿಂಗಿಗೆ ಜೆಸ್ಸಿ ಬರ್ಕೆಟ್ ಇದ್ದ. ಬೇಸ್‌ಬಾಲಿನಲ್ಲಿ ಹತ್ತು ಸಲಕ್ಕೆ ಮೂರು ಸಲ ಸರಿಯಾಗಿ ಹೊಡೆದವನನ್ನೇ ಗಟ್ಟಿಗ ಎನ್ನುತ್ತಾರೆ. ಬರ್ಕೆಟ್ 1895 ಮತ್ತು 1896ರಲ್ಲಿ, ಎರಡೂ ವರ್ಷ, ಹತ್ತಕ್ಕೆ ನಾಲ್ಕರ ಗಡಿ ದಾಟಿದ. ನಾಯಕ ಪ್ಯಾಟ್ಸಿ ಟೆಬೋ ಅಂಪೈರುಗಳ ಮೇಲೆ ಏರಿಹೋಗುವುದರಲ್ಲಿ ಹೆಸರುವಾಸಿ. ಒರಟು ತಂಡ, ಆದರೆ ಆಟ ಬಲ್ಲ ತಂಡ. 1895ರಲ್ಲಿ ಆ ಕಾಲದ ಬಲಾಢ್ಯ ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು ಬಡಿದು ಟೆಂಪಲ್ ಕಪ್ ಎತ್ತಿತ್ತು.

ಇಷ್ಟಿದ್ದರೂ ಗಲ್ಲಾಪೆಟ್ಟಿಗೆ ತುಂಬುತ್ತಿರಲಿಲ್ಲ. 1893ರ ಆರ್ಥಿಕ ಕುಸಿತದ ಪೆಟ್ಟು ಇನ್ನೂ ಮಾಸಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಭಾನುವಾರದ್ದು. ಕಾರ್ಖಾನೆ ಕೆಲಸಗಾರರಿಗೆ ಬಿಡುವು ಸಿಗುವುದು ಅದೊಂದೇ ದಿನ. ದೇವರ ದಿನದಂದು ಹಣ ಪಡೆದು ಆಟವಾಡಿಸಕೂಡದು ಎಂದು ಕಾನೂನು ಅಡ್ಡ ನಿಂತಿತ್ತು. 1897ರ ಮೇ 16, ಭಾನುವಾರ, ಫ್ರಾಂಕ್ ರಾಬಿಸನ್ ಹಟ ಹಿಡಿದು ಪಂದ್ಯ ಇಡಿಸಿದ. ಮೊದಲ ಇನ್ನಿಂಗ್ಸ್ ಮುಗಿಯುತ್ತಿದ್ದಂತೆ ಪೊಲೀಸರು ಮೈದಾನಕ್ಕೆ ಬಂದು ಆಟಗಾರರನ್ನು ಹಿಡಿದುಕೊಂಡು ಹೋದರು. (ಕ್ಲೀವ್‌ಲ್ಯಾಂಡಿನಲ್ಲಿ ಭಾನುವಾರದ ಪಂದ್ಯಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1911ರಲ್ಲಿ.) ಈ ಊರಿನವರಿಗೆ ತನ್ನ ತಂಡದ ಯೋಗ್ಯತೆ ಇಲ್ಲ ಎಂಬ ಸಿಟ್ಟು ರಾಬಿಸನ್ನನ ಮನಸ್ಸಿನಲ್ಲಿ ಗಟ್ಟಿಯಾಯಿತು. 1898ರಲ್ಲಿ ತವರಿನ ಎಷ್ಟೋ ಪಂದ್ಯಗಳನ್ನು ಪರಊರಿಗೆ ಸಾಗಿಸಿದ. ತಂಡ 81 ಗೆದ್ದು 68 ಸೋತು ಐದನೆಯ ಸ್ಥಾನ ಪಡೆದರೂ ಊರಿಗೂ ತಂಡಕ್ಕೂ ನಡುವಿನ ನಂಟು ಸಡಿಲವಾಗಿತ್ತು.

ಅತ್ತ ಸೇಂಟ್ ಲೂಯಿಸ್ ಕ್ಲೀವ್‌ಲ್ಯಾಂಡಿಗಿಂತ ದೊಡ್ಡ ಊರು. ಭಾನುವಾರ ಆಟಕ್ಕೆ ಅಡ್ಡಿಯಿಲ್ಲ, ಬಿಯರಿಗೂ ಅಡ್ಡಿಯಿಲ್ಲ. ಅಲ್ಲಿನ ತಂಡ ಹರಾಜಾಗಿ ವಾನ್ ಡೆರ್ ಆಹೆ ಹೊರಬಿದ್ದಾಗ ರಾಬಿಸನ್ ಸಹೋದರರು ಸ್ಥಳೀಯ ಪಾಲುದಾರನೊಬ್ಬನ ಜೊತೆಗೂಡಿ ಅದನ್ನು ಕೈವಶ ಮಾಡಿಕೊಂಡರು. ಕ್ಲೀವ್‌ಲ್ಯಾಂಡ್ ತಂಡವನ್ನು ಮಾತ್ರ ಬಿಡಲಿಲ್ಲ. ಒಂದೇ ಲೀಗಿನಲ್ಲಿ ಒಂದರ ಮೇಲೊಂದು ಆಡಬೇಕಾದ ಎರಡು ತಂಡಗಳಿಗೆ ಒಬ್ಬರೇ ಯಜಮಾನರು! ಐಪಿಎಲ್ ನೋಡಿ ಬೆಳೆದವರಿಗೆ ಇದು ನಂಬಲಾಗದ ಮಾತು. ಆದರೆ ಅಂದು ಲೀಗಿನ ನಿಯಮ ಇದಕ್ಕೆ ಅಡ್ಡಬರಲಿಲ್ಲ. ಎಣ್ಣೆ, ಸಕ್ಕರೆ, ಉಕ್ಕು, ಎಲ್ಲದರಲ್ಲೂ ದೊಡ್ಡ ಧಣಿಗಳು ಕಂಪನಿಗಳನ್ನು ಒಟ್ಟುಗೂಡಿಸಿ ಟ್ರಸ್ಟ್ ಕಟ್ಟುತ್ತಿದ್ದ ಕಾಲ ಅದು. ಆಟವೂ ಅದೇ ದಾರಿ ಹಿಡಿಯಿತು. ಅದೇ ವರ್ಷ ಬಾಲ್ಟಿಮೋರ್ ಮತ್ತು ಬ್ರೂಕ್ಲಿನ್ ತಂಡಗಳ ಮಾಲೀಕರೂ ಷೇರು ಬೆಸೆದುಕೊಂಡು ಒಂದಾಗಿದ್ದರು.

ಮುಂದಿನದು ಸರಳ ಲೆಕ್ಕ. ಕ್ಲೀವ್‌ಲ್ಯಾಂಡಿನಿಂದ ಸೈ ಯಂಗ್, ಬರ್ಕೆಟ್, ಬಾಬಿ ವ್ಯಾಲೇಸ್, ಟೆಬೋ, ಕ್ಯೂಪಿಡ್ ಚೈಲ್ಡ್ಸ್, ಹೀಗೆ ಆಡಬಲ್ಲವರೆಲ್ಲ ಸೇಂಟ್ ಲೂಯಿಸಿಗೆ. ಹಿಂದಿನ ವರ್ಷ 111 ಸೋತ ಬ್ರೌನ್ಸ್ ತಂಡದಲ್ಲಿ ಉಳಿದವರು ಕ್ಲೀವ್‌ಲ್ಯಾಂಡಿಗೆ. ಆಟಗಾರರನ್ನು ಯಾರೂ ಕೇಳಲಿಲ್ಲ. ಮಾಲೀಕ ಬಿಟ್ಟರೆ ಮಾತ್ರ ಬಿಡುಗಡೆ ಎಂಬ ಒಪ್ಪಂದಕ್ಕೆ ಆಟಗಾರರೆಲ್ಲ ಸಹಿ ಹಾಕುತ್ತಿದ್ದ ಕಾಲ. ಸಂಬಳಕ್ಕೂ ವರ್ಷಕ್ಕೆ 2,400 ಡಾಲರಿನ ಮಿತಿ ಇತ್ತು. ಸೇಂಟ್ ಲೂಯಿಸ್ ತಂಡಕ್ಕೆ ಪರ್ಫೆಕ್ಟೋಸ್ ಎಂದು ಹೊಸ ನಾಮಕರಣವಾಯಿತು. ಕ್ಲೀವ್‌ಲ್ಯಾಂಡಿನ ಉಸ್ತುವಾರಿ ತಮ್ಮ ಸ್ಟಾನ್ಲಿಯ ಪಾಲಿಗೆ ಬಂತು. ಅದನ್ನು ಉಪಕಸುಬಿನಂತೆ ಸುಮ್ಮನೆ ನಡೆಸಿಕೊಂಡು ಹೋಗುತ್ತೇನೆ ಎಂದು ಆತ ಮುಚ್ಚುಮರೆಯಿಲ್ಲದೆ ಹೇಳಿದ.

1899ರ ಏಪ್ರಿಲ್ 15. ಋತುವಿನ ಮೊದಲ ದಿನ ಸೇಂಟ್ ಲೂಯಿಸಿನಲ್ಲಿ ಎದುರುಬದುರಾದದ್ದು ಈ ಎರಡೇ ತಂಡಗಳು. ಒಂದೇ ಮನೆಯ ಯಜಮಾನರು ಎರಡೂ ಕಡೆಯ ಸಂಬಳ ಕೊಡುವ ಪಂದ್ಯ. ಸೈ ಯಂಗ್ ತನ್ನ ಹಳೆಯ ತಂಡದ ವಿರುದ್ಧ ಚೆಂಡು ಎಸೆದ. ಫಲಿತಾಂಶ 10-1. ಮೇ 1ರಂದು ಸ್ಪೈಡರ್ಸ್ ತವರಿಗೆ ಬಂದು ಲೂಯಿವಿಲ್ ವಿರುದ್ಧ ಒಂದೇ ದಿನ ಎರಡು ಪಂದ್ಯ ಆಡಿದಾಗ ಲೀಗ್ ಪಾರ್ಕಿನಲ್ಲಿ ಕೂತಿದ್ದವರು 500ರ ಒಳಗೆ. ಊರಿನವರ ತಪ್ಪೇನು? ತಮ್ಮ ಆಟಗಾರರನ್ನು ಕಿತ್ತುಕೊಂಡು ಹೋದವನಿಗೆ ಟಿಕೆಟ್ಟಿನ ಹಣ ಏಕೆ ಕೊಡಬೇಕು? ಜೂನಿನಲ್ಲಿ ನಗರದ ಟ್ರಾಮ್ ಕೆಲಸಗಾರರ ದೊಡ್ಡ ಮುಷ್ಕರವೂ ಶುರುವಾಯಿತು. ಮೈದಾನ ಅಷ್ಟರಲ್ಲೇ ಬಣಗುಡುತ್ತಿತ್ತು.

ತಂಡದ ಮೊದಲ ನಾಯಕ ಲೇವ್ ಕ್ರಾಸ್ ಒಳ್ಳೆಯ ಆಟಗಾರ. ಆತ ಮಾಲೀಕನ ಬಳಿ ಹೋಗಿ ಇನ್ನು ನಾಲ್ಕೈದು ಜನರನ್ನು ಕೊಟ್ಟರೆ ತಂಡವನ್ನು ನಿಲ್ಲಿಸುತ್ತೇನೆ ಎಂದನಂತೆ. ಗೆಲ್ಲುವುದು ನನಗೆ ಬೇಕಿಲ್ಲ, ಪಟ್ಟಿಯಲ್ಲಿರುವ ಪಂದ್ಯಗಳನ್ನು ಆಡಿ ಮುಗಿಸು ಎಂಬ ಉತ್ತರ ಬಂತಂತೆ. ಈ ಸಂಭಾಷಣೆ ನಡೆದದ್ದು ಹೀಗೆಯೇ ಎಂದು ಒತ್ತಿ ಹೇಳಲಾಗದು. ಆದರೆ ನಂತರ ನಡೆದದ್ದು ದಾಖಲೆಯಲ್ಲಿದೆ. 38 ಪಂದ್ಯಗಳಲ್ಲಿ 8 ಗೆದ್ದಿದ್ದ ಕ್ರಾಸ್ ಚೆನ್ನಾಗಿ ಆಡುತ್ತಿದ್ದಾನೆ ಎಂಬ ಕಾರಣಕ್ಕೆ ಅವನನ್ನೂ ಜೂನಿನಲ್ಲಿ ಸೇಂಟ್ ಲೂಯಿಸಿಗೆ ಕರೆಸಿಕೊಂಡರು. ಈ ತಂಡದಲ್ಲಿ ಚೆನ್ನಾಗಿ ಆಡಿದರೆ ಸಿಗುತ್ತಿದ್ದ ಬಹುಮಾನ ವರ್ಗಾವಣೆ. ಅವನ ಜಾಗಕ್ಕೆ ಬಂದವನು ಆಸ್ಟ್ರೇಲಿಯಾದಲ್ಲಿ ಹುಟ್ಟಿ ಮೇಜರ್ ಲೀಗ್ ಆಡಿದ ಮೊದಲಿಗ, ಜೋ ಕ್ವಿನ್. ಆಟವಿಲ್ಲದ ತಿಂಗಳುಗಳಲ್ಲಿ ಸೇಂಟ್ ಲೂಯಿಸಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವನ ಕಸುಬು. ನಾನು ಕಟ್ಟಿದ್ದಲ್ಲ, ಚರಿತ್ರೆಯೇ ಹಾಗಿದೆ. ಅವನ ಕೈಕೆಳಗೆ ತಂಡ 12 ಗೆದ್ದು 104 ಸೋತಿತು.

ಇನ್ನು ಗಲ್ಲಾಪೆಟ್ಟಿಗೆ. ಪರಊರಿನ ತಂಡ ಬಂದು ಆಡಿದರೆ ಟಿಕೆಟ್ ಹಣದಲ್ಲಿ ಅದಕ್ಕೊಂದು ಪಾಲು ಕೊಡಬೇಕೆಂಬುದು ಲೀಗಿನ ಕಟ್ಟಳೆ. ಕ್ಲೀವ್‌ಲ್ಯಾಂಡಿನಲ್ಲಿ ಆ ಪಾಲು ಹೋಟೆಲ್ ಬಿಲ್ಲಿಗೂ ಸಾಲುತ್ತಿರಲಿಲ್ಲ, ರೈಲಿನ ಚಾರ್ಜಂತೂ ದೂರವೇ ಉಳಿಯಿತು. ಬೇರೆ ತಂಡಗಳು ಬರಲು ಒಲ್ಲೆವೆಂದವು. ರಾಬಿಸನ್ನರಿಗೂ ಅದೇ ಬೇಕಿತ್ತು. ತವರಿನ ಪಂದ್ಯಗಳನ್ನು ಒಂದೊಂದಾಗಿ ಪರಊರಿಗೆ ಸಾಗಿಸಿದರು. ಕೊನೆಗೆ ಸ್ಪೈಡರ್ಸ್ ತವರಿನಲ್ಲಿ ಆಡಿದ್ದು 42 ಪಂದ್ಯ, ಊರೂರು ಸುತ್ತಿ ಆಡಿದ್ದು 112. ತವರಿನ ಅಷ್ಟೂ ಪಂದ್ಯಗಳಿಗೆ ಬಂದ ಒಟ್ಟು ಪ್ರೇಕ್ಷಕರು 6,088. ಸರಾಸರಿ ತೆಗೆದರೆ ಪಂದ್ಯಕ್ಕೆ 145 ಜನ. ಪತ್ರಿಕೆಗಳು ತಂಡವನ್ನು ಸ್ಪೈಡರ್ಸ್ ಎನ್ನುವುದನ್ನೇ ಬಿಟ್ಟು ಗಡೀಪಾರಾದವರು, ಅಲೆಮಾರಿಗಳು ಎಂದು ಬರೆಯತೊಡಗಿದವು.

ಅಂಥ ಅಲೆದಾಟದಲ್ಲಿ ಆಡಿದವರು ಹೇಗಿದ್ದರು? ದಾಖಲೆ ನೋಡಿದರೆ ನಗು ಬರುತ್ತದೆ, ಆಮೇಲೆ ಮರುಕ. ಪಿಚರ್ ಜಿಮ್ ಹ್ಯೂಯಿ 4 ಗೆದ್ದು 30 ಸೋತ. ಒಂದೇ ಋತುವಿನಲ್ಲಿ 30 ಪಂದ್ಯ ಸೋತವರು ಅವನ ನಂತರ ಯಾರೂ ಇಲ್ಲ. ಚಾರ್ಲಿ ನೆಪ್ಪರ್ 4-22, ಫ್ರಾಂಕ್ ಬೇಟ್ಸ್ 1-18. ಹ್ಯಾರಿ ಕಾಲಿಫ್ಲವರ್ ಎಂಬವನು ಮೊದಲ ಪಂದ್ಯವನ್ನೇ ಗೆದ್ದು ಆಸೆ ಹುಟ್ಟಿಸಿ ಆಮೇಲೆ ಹನ್ನೊಂದನ್ನು ಸೋತ. ಎಡಗೈಯ ಫ್ರೆಡ್ ಸ್ಮಿಟ್, ಎಲ್ಲರ ಬಾಯಲ್ಲಿ ಹುಚ್ಚು ಸ್ಮಿಟ್, 2 ಗೆದ್ದು 17 ಸೋತ. ಎದುರಾಳಿ ಬ್ಯಾಟರುಗಳ ದೌರ್ಬಲ್ಯಗಳನ್ನು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದವನು ಇವನು. ದೈತ್ಯ ಬ್ಯಾಟರ್ ಕ್ಯಾಪ್ ಆನ್ಸನ್ ಹೆಸರಿನ ಮುಂದೆ ಅವನು ಬರೆದದ್ದು, ಚೆಂಡನ್ನು ದೂರ ಎಸೆದು ಅವನನ್ನು ಪುಕ್ಕಟೆಯಾಗಿ ಮೊದಲ ಬೇಸಿಗೆ ಕಳಿಸಿಬಿಡುವುದೇ ಮೇಲು ಎಂದಂತೆ.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ತಂಡ ಸತತ 24 ಪಂದ್ಯ ಸೋತಿತು. ಕೊನೆಯ 41 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಇಡೀ ವರ್ಷದಲ್ಲಿ ಸತತ ಮೂರು ಗೆಲುವು ಒಮ್ಮೆಯೂ ಬರಲಿಲ್ಲ. ಸ್ಪೈಡರ್ಸ್ ಗಳಿಸಿದ ರನ್ 529, ಕೊಟ್ಟ ರನ್ 1,252. ಕ್ಲೀವ್‌ಲ್ಯಾಂಡಿನ ಪತ್ರಕರ್ತ ಎಲ್ಮರ್ ಬೇಟ್ಸ್ ಇಂಥ ತಂಡದ ಅಭಿಮಾನಿಯಾಗಿರುವುದರ ಲಾಭಗಳನ್ನು ಪಟ್ಟಿ ಮಾಡಿದ: ಸೋತರೆ ನಿದ್ದೆ ಕೆಡುವುದಿಲ್ಲ, ಯಾರೂ ಹಿಂದಿನಿಂದ ಬಂದು ನಮ್ಮನ್ನು ದಾಟುವ ಭಯವಿಲ್ಲ, ಸ್ಕೋರ್ ಎಷ್ಟು ಎಂದು ದಾರಿಯಲ್ಲಿ ಸಿಕ್ಕವರು ಪೀಡಿಸುವುದಿಲ್ಲ. ಎರಡನೆಯ ಮಾತಂತೂ ಅಕ್ಷರಶಃ ನಿಜ. ಅಗ್ರಸ್ಥಾನದ ಬ್ರೂಕ್ಲಿನ್‌ಗಿಂತ ಸ್ಪೈಡರ್ಸ್ 84 ಪಂದ್ಯಗಳಷ್ಟು ಹಿಂದಿತ್ತು; ತನಗಿಂತ ಒಂದೇ ಮೆಟ್ಟಿಲು ಮೇಲಿದ್ದ ವಾಷಿಂಗ್ಟನ್‌ಗಿಂತಲೂ 35 ಪಂದ್ಯ ಹಿಂದೆ.

ಅಕ್ಟೋಬರ್ 15ರಂದು ಸಿನ್ಸಿನಾಟಿಯಲ್ಲಿ ಕೊನೆಯ ಎರಡು ಪಂದ್ಯಗಳು. ಮೊದಲನೆಯದನ್ನು 16-1ರಿಂದ ಸೋತಾಯಿತು. ಎರಡನೆಯದಕ್ಕೆ ಪಿಚರ್ ಆಗಿ ಇಳಿದವನು ಎಡ್ಡಿ ಕೋಲ್ಬ್, ಊರಿನ ಹೋಟೆಲಿನಲ್ಲಿ ಸಿಗಾರ್ ಮಾರುತ್ತಿದ್ದ ಹುಡುಗ. ಒಂದು ಪೆಟ್ಟಿಗೆ ಸಿಗಾರಿಗೆ ಬದಲಾಗಿ ಈ ಅವಕಾಶ ಗಿಟ್ಟಿಸಿದ ಎಂಬ ಮಾತಿದೆ. 19-3ರಿಂದ ಸೋತ, ಆದರೂ ಮೇಜರ್ ಲೀಗಿನ ದಾಖಲೆ ಪುಸ್ತಕದಲ್ಲಿ ಅವನ ಹೆಸರು ಶಾಶ್ವತ. ಅದೇ ವೇಳೆಗೆ ಆಟಗಾರರು ಚಂದಾ ಎತ್ತಿ, ತಮ್ಮೊಡನೆ ಊರೂರು ತಿರುಗಿದ ಕಾರ್ಯದರ್ಶಿ ಜಾರ್ಜ್ ಮ್ಯೂರ್‌ಗೆ ಒಂದು ಪದಕ ಕೊಟ್ಟರೆನ್ನುತ್ತಾರೆ. ಕಾರಣ, ತಂಡದ ಎಲ್ಲ ಪಂದ್ಯಗಳನ್ನೂ ಕೂತು ನೋಡಬೇಕಾದ ಕರ್ಮ ಅವನಿಗೆ ಬಂದಿತ್ತು! ಈ ಹಾಸ್ಯ ನನಗೆ ಮುಖ್ಯವಾಗಿ ಕಾಣುತ್ತದೆ. ಪಂದ್ಯ ಮಾರಿಕೊಂಡವರು ಹೀಗೆ ನಗಲಾರರು. ಸ್ಪೈಡರ್ಸ್ ಆಟಗಾರರು ಕೈಲಾದಷ್ಟು ಆಡಿ ಸೋತವರು. ಮೋಸ ಇದ್ದದ್ದು ಅವರ ಆಟದಲ್ಲಲ್ಲ, ಅವರನ್ನು ಅಲ್ಲಿ ನಿಲ್ಲಿಸಿದ ಏರ್ಪಾಟಿನಲ್ಲಿ.

ಬೇಸ್‌ಬಾಲ್ ಇತಿಹಾಸಕಾರರಲ್ಲಿ ರಾಬಿಸನ್ನರ ಬಗ್ಗೆ ಒಮ್ಮತವಿಲ್ಲ. ಹಳೆಯ ಬರಹಗಳಲ್ಲಿ ಅವರು ಬರೀ ಖಳರು. ಇತ್ತೀಚಿನ ಕೆಲವರು ಭಾನುವಾರದ ನಿಷೇಧ, ವರ್ಷದಿಂದ ವರ್ಷಕ್ಕೆ ಬೆಳೆದ ನಷ್ಟಗಳನ್ನು ಮುಂದಿಟ್ಟು, ಆ ಪರಿಸ್ಥಿತಿಯಲ್ಲಿ ಯಾವ ವ್ಯಾಪಾರಿಯೂ ಹಾಗೆಯೇ ಮಾಡುತ್ತಿದ್ದ ಎನ್ನುತ್ತಾರೆ. ಊರು ಬಿಡಲು ಅವರಿಗೆ ಕಾರಣವಿತ್ತು, ಒಪ್ಪೋಣ. ಆದರೆ ತಂಡ ಮಾರಿ ಹೋಗುವುದು ಒಂದು, ಆಟಗಾರರನ್ನು ಕಿತ್ತುಕೊಂಡು ಸೋಲಲೆಂದೇ ಅದನ್ನು ಇಟ್ಟುಕೊಳ್ಳುವುದು ಇನ್ನೊಂದು. ಬಾಲ್ಟಿಮೋರಿನಲ್ಲೂ ಸೂರೆ ನಡೆದಿತ್ತು. ವಿಲ್ಲಿ ಕೀಲರ್, ಜೋ ಕೆಲ್ಲಿ ಮೊದಲಾದ ತಾರೆಗಳೆಲ್ಲ ಬ್ರೂಕ್ಲಿನ್‌ಗೆ ಹೋಗಿದ್ದರು. ಆದರೆ ಜಾನ್ ಮೆಕ್‌ಗ್ರಾ ಊರಿನಲ್ಲಿ ತನಗೊಂದು ವ್ಯಾಪಾರವಿದೆ, ಬರುವುದಿಲ್ಲ ಎಂದು ಕೂತುಬಿಟ್ಟ. ಅವನಿಗೆ ತಂಡ ಒಪ್ಪಿಸಿದರು. ಜೋ ಮೆಕ್‌ಗಿನಿಟಿ ಎಂಬ ಹೊಸ ಪಿಚರ್ ಸಿಕ್ಕಿದ. ಬಾಲ್ಟಿಮೋರ್ 86 ಪಂದ್ಯ ಗೆದ್ದು ನಾಲ್ಕನೆಯ ಸ್ಥಾನಕ್ಕೆ ಬಂತು, ರಾಬಿಸನ್ನರ ಪರ್ಫೆಕ್ಟೋಸ್‌ಗಿಂತ ಒಂದು ಸ್ಥಾನ ಮೇಲೆ! ಕ್ಲೀವ್‌ಲ್ಯಾಂಡಿನ ಸತ್ವ ಹೀರಿ ಕಟ್ಟಿದ ಸೇಂಟ್ ಲೂಯಿಸ್ ತಂಡಕ್ಕೆ ಪ್ರೇಕ್ಷಕರು ಬಂದರು, ದುಡ್ಡು ಬಂತು, ಪಟ್ಟ ಬರಲಿಲ್ಲ. ಸೈ ಯಂಗ್ 26 ಪಂದ್ಯ ಗೆದ್ದರೂ ತಂಡ ಐದನೆಯದಾಗಿಯೇ ಉಳಿಯಿತು. ಅಂದರೆ ಹಿಂದಿನ ವರ್ಷ ಕ್ಲೀವ್‌ಲ್ಯಾಂಡಿನಲ್ಲಿದ್ದ ಸ್ಥಾನವೇ.

1900ರ ಆರಂಭದಲ್ಲಿ ನ್ಯಾಷನಲ್ ಲೀಗ್ ತನ್ನ ಹನ್ನೆರಡು ತಂಡಗಳಲ್ಲಿ ನಾಲ್ಕನ್ನು ಕೈಬಿಟ್ಟಿತು: ಕ್ಲೀವ್‌ಲ್ಯಾಂಡ್, ಲೂಯಿವಿಲ್, ವಾಷಿಂಗ್ಟನ್, ಬಾಲ್ಟಿಮೋರ್. ಖರ್ಚು ಉಳಿಯಿತು ಎಂದು ಮಾಲೀಕರು ಉಸಿರು ಬಿಟ್ಟರು. ಇದಕ್ಕಾಗಿಯೇ ಕಾದಿದ್ದವನು ಬ್ಯಾನ್ ಜಾನ್ಸನ್. ಆತ ನಡೆಸುತ್ತಿದ್ದ ವೆಸ್ಟರ್ನ್ ಲೀಗ್ ಎಂಬ ಸಣ್ಣ ಲೀಗು ಅಮೆರಿಕನ್ ಲೀಗ್ ಎಂದು ಹೆಸರು ಬದಲಿಸಿಕೊಂಡು ಖಾಲಿಯಾದ ಊರುಗಳಿಗೆ ನುಗ್ಗಿತು. ಕ್ಲೀವ್‌ಲ್ಯಾಂಡಿನಲ್ಲಿ ತಂಡ ಹೂಡಿದವರು ಕಲ್ಲಿದ್ದಲು ವ್ಯಾಪಾರಿ ಚಾರ್ಲ್ಸ್ ಸೋಮರ್ಸ್ ಮತ್ತು ಅವನ ಪಾಲುದಾರ ಜಾನ್ ಕಿಲ್‌ಫಾಯ್ಲ್. 1901ರಲ್ಲಿ ಜಾನ್ಸನ್ ತನ್ನದೂ ಮೇಜರ್ ಲೀಗ್ ಎಂದು ಸಾರಿದ. ಆ ಲೀಗಿನ ಮೊಟ್ಟಮೊದಲ ಪಂದ್ಯದಲ್ಲಿ, ಏಪ್ರಿಲ್ 24ರಂದು ಷಿಕಾಗೋದಲ್ಲಿ, ಆಡಿದ ಎರಡು ತಂಡಗಳಲ್ಲೊಂದು ಕ್ಲೀವ್‌ಲ್ಯಾಂಡ್. ಸೋತಿತು, 8-2ರಿಂದ. ಬೇಸರವೇನಿಲ್ಲ, ಈಗ ತಂಡಕ್ಕೆ ಹಣ ಹಾಕುವ ಮಾಲೀಕನಿದ್ದ.

ಸೋಮರ್ಸನ ಹಣ ಕ್ಲೀವ್‌ಲ್ಯಾಂಡಿನಲ್ಲಿ ಮಾತ್ರ ನಿಲ್ಲಲಿಲ್ಲ. ಹೊಸ ಲೀಗಿನ ಬೋಸ್ಟನ್ ತಂಡಕ್ಕೂ ಅವನೇ ಮೊದಲ ಮಾಲೀಕ. (ಹೌದು, ಹೊಸ ಲೀಗಿನಲ್ಲೂ ಇಬ್ಬದಿಯ ಮಾಲೀಕತ್ವ! ಶುದ್ಧರು ಯಾರೂ ಇರಲಿಲ್ಲ. ಆದರೆ ಇವನು ತಂಡಗಳನ್ನು ಕಟ್ಟಲು ಹಣ ಸುರಿದವನು, ಕಳಚಲು ಅಲ್ಲ.) 1901ರಲ್ಲಿ ಆ ಬೋಸ್ಟನ್ ತಂಡ ಸೇಂಟ್ ಲೂಯಿಸಿನಿಂದ ಸೈ ಯಂಗ್‌ನನ್ನು ಸೆಳೆದುಕೊಂಡಿತು. ಮರುವರ್ಷ ಬರ್ಕೆಟ್ ಮತ್ತು ವ್ಯಾಲೇಸ್ ಸೇಂಟ್ ಲೂಯಿಸಿಗೇ ಹೊಸದಾಗಿ ಬಂದ ಎದುರಾಳಿ ತಂಡಕ್ಕೆ ದಾಟಿದರು. ಕ್ಲೀವ್‌ಲ್ಯಾಂಡಿನಿಂದ ಎತ್ತಿಕೊಂಡು ಹೋದದ್ದೆಲ್ಲ ಮೂರು ವರ್ಷದಲ್ಲಿ ರಾಬಿಸನ್ನರ ಕೈಜಾರಿತು. ಸೈ ಯಂಗ್ ಮುಂದೆ 1909ರಲ್ಲಿ, ನಲವತ್ತು ದಾಟಿದ ಮೇಲೆ, ಕ್ಲೀವ್‌ಲ್ಯಾಂಡಿಗೇ ಮರಳಿ ತನ್ನ 500ನೆಯ ಗೆಲುವನ್ನು ಆ ಊರಿನ ಅಂಗಿಯಲ್ಲೇ ಪಡೆದ.

ಆ ವರ್ಷದ ಇನ್ನೆರಡು ಎಳೆಗಳು ಇಂದಿಗೂ ಉಳಿದಿವೆ. ಪರ್ಫೆಕ್ಟೋಸ್ ಅಂಗಿಗೆ 1899ರಲ್ಲಿ ಹೊಲಿಸಿದ ಕಡುಕೆಂಪು ಪಟ್ಟಿಯಿಂದಲೇ ಆ ತಂಡ ಮರುವರ್ಷ ಕಾರ್ಡಿನಲ್ಸ್ ಆಯಿತು; ಇಂದು ಅದು ಅಮೆರಿಕದ ಅತಿ ಯಶಸ್ವಿ ತಂಡಗಳಲ್ಲೊಂದು. ಇನ್ನೊಂದು ಎಳೆ ಲೂಯಿಸ್ ಸಾಕಲೆಕ್ಸಿಸ್‌ನದು. ಮೇನ್ ರಾಜ್ಯದ ಪೆನಾಬ್‌ಸ್ಕಾಟ್ ಮೂಲನಿವಾಸಿ ಜನಾಂಗದ ಈ ಆಟಗಾರ 1897ರಲ್ಲಿ ಸ್ಪೈಡರ್ಸ್ ಪರ ಮಿಂಚಿದಾಗ ಪ್ರೇಕ್ಷಕರು ಗ್ಯಾಲರಿಯಲ್ಲಿ ಕೂತು ಯುದ್ಧದ ಕೂಗು ಹಾಕಿ ಗೇಲಿ ಮಾಡುತ್ತಿದ್ದರು. ಪತ್ರಿಕೆಗಳು ತಂಡವನ್ನೇ ಇಂಡಿಯನ್ಸ್ ಎಂದು ಕರೆಯತೊಡಗಿದವು. ಕಾಲಿನ ಪೆಟ್ಟು, ಕುಡಿತ ಎರಡೂ ಸೇರಿ 1899ರಲ್ಲಿ ಏಳೇ ಪಂದ್ಯಕ್ಕೆ ಅವನ ಆಟ ಮುಗಿಯಿತು. 1915ರಲ್ಲಿ ಕ್ಲೀವ್‌ಲ್ಯಾಂಡಿನ ಹೊಸ ತಂಡ ಇಂಡಿಯನ್ಸ್ ಎಂದು ಹೆಸರಿಟ್ಟುಕೊಂಡದ್ದು ಅವನ ಗೌರವಾರ್ಥ ಎಂದು ತಂಡದವರು ಬಹುಕಾಲ ಹೇಳುತ್ತಾ ಬಂದರು. ಆಗಿನ ಪತ್ರಿಕೆಗಳನ್ನು ತಿರುವಿದ ಸಂಶೋಧಕರಿಗೆ ಗೌರವಕ್ಕಿಂತ ಅಗ್ಗದ ತಮಾಷೆಯೇ ಹೆಚ್ಚು ಕಂಡಿದೆ. ವಾದ ಮುಗಿಯುವ ಮೊದಲೇ ಹೆಸರು ಹೋಯಿತು. 2022ರಿಂದ ತಂಡ ಗಾರ್ಡಿಯನ್ಸ್.

ಫ್ರಾಂಕ್ ರಾಬಿಸನ್ 1908ರಲ್ಲಿ, ಸ್ಟಾನ್ಲಿ 1911ರಲ್ಲಿ ತೀರಿಕೊಂಡರು. ಕಾರ್ಡಿನಲ್ಸ್ ಫ್ರಾಂಕನ ಮಗಳು ಹೆಲೀನ್ ಬ್ರಿಟನ್‌ಗೆ ಬಂತು. ಮೇಜರ್ ಲೀಗ್ ತಂಡಕ್ಕೆ ಒಡತಿಯಾದ ಮೊದಲ ಹೆಂಗಸು ಆಕೆ. ಮಾರಿಬಿಡು ಎಂದು ಉಳಿದ ಮಾಲೀಕರು ಎಷ್ಟು ಒತ್ತಿದರೂ ವರ್ಷಗಟ್ಟಲೆ ಜಗ್ಗಲಿಲ್ಲ. ಒಬ್ಬರಿಗೆ ಎರಡು ತಂಡಗಳಲ್ಲಿ ಪಾಲಿರುವುದನ್ನು ಇಂದಿನ ಮೇಜರ್ ಲೀಗ್ ನಿಯಮಗಳು ಒಪ್ಪುವುದಿಲ್ಲ.

2024ರಲ್ಲಿ ಷಿಕಾಗೋ ವೈಟ್ ಸಾಕ್ಸ್ 121 ಪಂದ್ಯ ಸೋತು 1901ರ ನಂತರದ ಹೀನ ದಾಖಲೆ ಬರೆದಾಗ ಸ್ಪೈಡರ್ಸ್ ಹೆಸರು ಮತ್ತೆ ಪತ್ರಿಕೆಗಳಿಗೆ ಬಂತು. ಹೋಲಿಕೆ ಸರಿಯಲ್ಲ. ವೈಟ್ ಸಾಕ್ಸ್ ಕೆಟ್ಟದಾಗಿ ನಡೆಸಿದ ತಂಡ. ಸ್ಪೈಡರ್ಸ್ ಕೆಟ್ಟದಾಗಲೆಂದೇ ನಡೆಸಿದ ತಂಡ. ಅದು ಪರಊರುಗಳಲ್ಲಿ ಸೋತ ಪಂದ್ಯಗಳೇ 101. ಈಗ ಒಂದು ತಂಡ ವರ್ಷಕ್ಕೆ ಹೊರಗೆ ಆಡುವುದು 81 ಪಂದ್ಯ ಮಾತ್ರ. ಎಲ್ಲವನ್ನೂ ಸೋತರೂ ಆ ಸಂಖ್ಯೆ ಮುಟ್ಟುವಂತಿಲ್ಲ.